ಕಸ್ತೂರಿಯ ತುತ್ತೂರಿ, ನಮ್ಮ ತಮಟೆ

ಕನ್ನಡದಲ್ಲಿ ಮಕ್ಕಳ ಪದ್ಯ ಅಂದ ತಕ್ಷಣ ನೆನಪಾಗುವುದು ಜಿ.ಪಿ. ರಾಜರತ್ನಂ ಅವರ ತುತ್ತೂರಿ. ಕಸ್ತೂರಿ ಎಂಬ ಹುಡುಗ ತಗಡಿನದೊಂದು ತುತ್ತೂರಿ ಕೊಳ್ಳುತ್ತಾನೆ, ಅದನ್ನು ಊದಿಕೊಂಡು ಮೆರೆಯುತ್ತಾ ಬೀದಿಯಲ್ಲಿ ಹೋಗುತ್ತಾನೆ. ಕೊಳದ ಹತ್ತಿರ ಅದು ಜಾರಿ ನೀರಿಗೆ ಬೀಳುತ್ತದೆ. ತುತ್ತೂರಿಯ ಸದ್ದೂ ಹೋಯಿತು, ಹುಡುಗನ ಜಂಬವೂ ಇಳಿಯಿತು. ಒಳ್ಳೆಯ ಪದ್ಯ. ಎಲ್ಲರ ಹಾಗೆ ನಾನೂ ಕ್ಲಾಸಿನಲ್ಲಿ ಕೂಗಿ ಹೇಳಿದ್ದೇನೆ, ಈಗಲೂ ಬಾಯಿಗೆ ಬರುತ್ತೆ. ರಾಜರತ್ನಂ ಮೇಲೆ ಕೇಸು ಹಾಕುವುದು ನನ್ನ ಉದ್ದೇಶವಲ್ಲ. 'ರತ್ನನ ಪದಗಳು' ಬರೆದು ಒಬ್ಬ ಕುಡುಕನ ಬಾಯಲ್ಲಿ ಅಷ್ಟು ಒಳ್ಳೆಯ ಕನ್ನಡ ಆಡಿಸಿದ ಕವಿ ಅವರು. ನಾನು ಕೇಳುತ್ತಿರುವುದು ಬೇರೆ. ಆ ಪದ್ಯ ಏನನ್ನು ಹೇಳದೆಯೇ ಒಪ್ಪಿಕೊಂಡಿದೆ? ಹುಡುಗನ ಕೈಯಲ್ಲಿ ಕಾಸಿದೆ. ಅವನು ಸದ್ದು ಮಾಡಿಕೊಂಡು ಬೀದಿಯಲ್ಲಿ ಹೋದರೆ 'ಯಾವನ್ಲಾ ಅವ್ನು' ಅಂತ ಜಗಲಿ ಮೇಲಿಂದ ಯಾರೂ ಕೇಳುವುದಿಲ್ಲ. ಕೊಳದ ಹತ್ತಿರ ಹೋದರೆ ನೀರು ಮೈಲಿಗೆಯಾಗುವುದಿಲ್ಲ. ತುತ್ತೂರಿ ನೀರಿಗೆ ಬಿದ್ದದ್ದೊಂದೇ ಅಲ್ಲಿನ ದುರಂತ. ಬೀದಿ, ಕೊಳ ಎರಡೂ ಹುಟ್ಟುತ್ತಲೇ ತನ್ನವಾಗಿರುವ ಮಗುವಿಗೆ ಮಾತ್ರ ಇಂಥ ಪದ್ಯ ಸಾಧ್ಯ.

ನಮ್ಮ ಕೇರಿಯಲ್ಲೂ ಸದ್ದು ಮಾಡುವ ವಸ್ತುವೊಂದಿತ್ತು, ತಮಟೆ. ಅದು ಆಟದ ಸಾಮಾನಲ್ಲ, ಅಪ್ಪಂದಿರ ಚಾಕರಿ. ಜಾತ್ರೆಗೆ ಬೇಕು, ಹೆಣಕ್ಕೆ ಬೇಕು, ಊರಿಗೆ ಸುದ್ದಿ ಸಾರುವುದಕ್ಕೆ ಬೇಕು. ಹುಲ್ಲು, ಸೋಗೆ ಕೂಡಿಸಿ ಬೆಂಕಿ ಹಾಕುವುದು ನಮ್ಮಂಥ ಹುಡುಗರ ಕೆಲಸ. ಕಾಯಿಸಿದರೆ ಚರ್ಮ ಬಿಗಿಯಾಗಿ ನಾದ ಏಳುತ್ತೆ. ಮಳೆಗೆ ನೆಂದರೆ ಚರ್ಮ ಸಡಿಲವಾಗಿ ಡಬ್ ಡಬ್ ಅನ್ನುತ್ತೆ. ಕಸ್ತೂರಿಯ ತುತ್ತೂರಿಗೆ ನೀರು ಹೊಕ್ಕರೆ ಎಲ್ಲರಿಗೂ ನಗು. ಅಪ್ಪನ ತಮಟೆಗೆ ನೀರು ತಾಗಿದರೆ ಊರ ಮುಂದೆ ಬೈಗುಳ, ಮೇಲೆ ಅವತ್ತಿನ ಕಾಳಿಗೂ ಕತ್ತರಿ. ಹಾಗಂತ ನಾವು ಆ ಬೆಂಕಿಯ ಸುತ್ತ ಮುಖ ಸಪ್ಪಗೆ ಮಾಡಿಕೊಂಡು ಕೂತಿದ್ದೆವಾ? ಇಲ್ಲ. ಡಾಲ್ಡಾ ಡಬ್ಬ ಬಡಿದುಕೊಂಡು, ಅಪ್ಪಂದಿರ ಹೆಜ್ಜೆಯನ್ನೇ ಅಣಕಿಸಿಕೊಂಡು ಕುಣಿಯುತ್ತಿದ್ದೆವು. ಆ ಬೈಗುಳ ಎಷ್ಟು ನಿಜವೋ ಈ ಕುಣಿತವೂ ಅಷ್ಟೇ ನಿಜ. ಬೈಗುಳ ನಮ್ಮ ಕಾವ್ಯಕ್ಕೆ ಬಂತು. ಕುಣಿತ ಯಾಕೆ ಬರಲಿಲ್ಲ ಅನ್ನುವುದೇ ಈ ಲೇಖನದ ತಕರಾರು.

ಅದಕ್ಕೆ ಮೊದಲು, ಕನ್ನಡಕ್ಕೆ ಬಹಳ ಪ್ರಿಯನಾದ ಇನ್ನೊಂದು ಮಗುವನ್ನು ನೋಡಬೇಕು. ದಾಸರ ಪದಗಳ ಬಾಲಕೃಷ್ಣ. ಬೆಣ್ಣೆ ಕದಿಯುತ್ತಾನೆ, ಗೋಪಿಯರು ದೂರು ತರುತ್ತಾರೆ, ಯಶೋದೆ ಗದರುವ ಹಾಗೆ ಮಾಡಿ ಒಳಗೊಳಗೇ ಹಿಗ್ಗುತ್ತಾಳೆ. ತಾಯಿ ಮಗುವಿನ ಸಲಿಗೆಯನ್ನು ಪುರಂದರದಾಸರಷ್ಟು ಹತ್ತಿರದಿಂದ ಕಂಡವರು ಕಡಿಮೆ, ಇದನ್ನು ಒಪ್ಪಿಕೊಳ್ಳೋಣ. ಆದರೆ ಕಳ್ಳತನ ಲೀಲೆಯಾಗಬೇಕಾದರೆ ಕದ್ದವನು ಯಾರ ಮನೆಯ ಮಗ ಎಂಬುದು ಮೊದಲೇ ತೀರ್ಮಾನವಾಗಿರಬೇಕು. ಕೇರಿಯ ಹುಡುಗ ಹೊಲದಿಂದ ಒಂದು ಹಿಡಿ ಕಡಲೆಕಾಯಿ ಕಿತ್ತರೆ ಅವನವ್ವನ ಹತ್ತಿರ ಯಾರೂ ದೂರು ತರುವುದಿಲ್ಲ. ಕಂಬಕ್ಕೆ ಕಟ್ಟುತ್ತಾರೆ. ದೇವನೂರ ಮಹಾದೇವರ 'ಒಡಲಾಳ'ದಲ್ಲಿ ಕದ್ದು ತಂದ ಕಡಲೆಕಾಯಿ ಮೂಟೆಯನ್ನು ಸಾಕವ್ವನ ಮನೆಮಂದಿಯೆಲ್ಲ, ಮಕ್ಕಳು ಮರಿ ಸಮೇತ, ರಾತ್ರಿಯೆಲ್ಲ ಬೆಂಕಿ ಮುಂದೆ ಕೂತು ತಿನ್ನುತ್ತಾರೆ. ಬೆಳಗಾದರೆ ಪೊಲೀಸರು. ಹಾಗಿದ್ದೂ ಆ ರಾತ್ರಿಯಲ್ಲಿ ಎಂಥ ಸಂಭ್ರಮ ಇದೆ ನೋಡಿ. ಹಸಿವು ಇದೆ, ಭಯ ಇದೆ, ಹಬ್ಬವೂ ಇದೆ. ನಂದಗೋಕುಲಕ್ಕೆ ಕೇರಿ ಕೊಟ್ಟ ಉತ್ತರ ಅದು ಅಂತ ನಾನು ಓದಿಕೊಳ್ಳುತ್ತೇನೆ. ಆದರೆ ಅದು ಗದ್ಯ. ಅದಕ್ಕೆ ಸಾಟಿಯಾಗುವ ಪದ್ಯ ದಲಿತ ಕಾವ್ಯದಲ್ಲಿ ನನ್ನ ಓದಿಗೆ ಸಿಕ್ಕಿಲ್ಲ.

ಇನ್ನು ಬೆಳೆಯುವ ವಿಚಾರ. ನವೋದಯದವರಿಗೆ ಬೆಳೆಯುವುದು ಅಂದರೆ ಮುಗ್ಧತೆಯಿಂದ ನಿಧಾನವಾಗಿ ದೂರ ಸರಿಯುವುದು. ಬಾಲ್ಯ ಒಂದು ಕಳೆದುಹೋದ ಸ್ವರ್ಗ. ನವ್ಯದವರಿಗೆ ಅಪ್ಪನ ಮೇಲೆ, ಮನೆಯ ಮೇಲೆ, ಮಡಿಯ ಮೇಲೆ ದಂಗೆ ಏಳುವುದು. ನಮ್ಮ ಹುಡುಗ ದೊಡ್ಡವನಾಗುವುದು ಹೀಗಲ್ಲ. ಅವನು ಒಂದೇ ದಿನದಲ್ಲಿ ದೊಡ್ಡವನಾಗಿಬಿಡುತ್ತಾನೆ. ಸ್ಕೂಲಿನ ನೀರಿನ ಕೊಡದ ಹತ್ತಿರವೋ, ಹೋಟೆಲಿನ ಹೊರಗೆ ಬೇರೆ ಇಟ್ಟ ಲೋಟದ ಹತ್ತಿರವೋ ಆ ದಿನ ಬರುತ್ತೆ. ಅಪ್ಪನ ಮೇಲೆ ದಂಗೆ ಏಳಬೇಕಾದರೆ ಅಪ್ಪ ಮೊದಲು ನೆಟ್ಟಗೆ ನಿಂತಿರಬೇಕಲ್ಲ? ಸಿದ್ಧಲಿಂಗಯ್ಯನವರ 'ಊರುಕೇರಿ'ಯ ಶುರುವಿನಲ್ಲೇ ಒಂದು ಚಿತ್ರವಿದೆ. ಎತ್ತಿನ ಬದಲು ಇಬ್ಬರು ಮನುಷ್ಯರು ನೊಗಕ್ಕೆ ಹೆಗಲು ಕೊಟ್ಟು ನೇಗಿಲು ಎಳೆಯುತ್ತಿದ್ದಾರೆ, ಹುಡುಗ ನಿಂತು ನೋಡುತ್ತಿದ್ದಾನೆ. ಅವರಲ್ಲೊಬ್ಬ ಅವನಪ್ಪ. ಅಪ್ಪನ ಅಧಿಕಾರವನ್ನು ಮುರಿಯುವ ನವ್ಯದ ಮಗನನ್ನು ಕುರಿತು ಕನ್ನಡ ವಿಮರ್ಶೆ ಪುಟಗಟ್ಟಲೆ ಬರೆದಿದೆ. ನೊಗದ ಕೆಳಗಿನ ಅಪ್ಪನನ್ನು ಕಂಡ ಮಗನ ಮನಸ್ಸು ಹೇಗೆ ಬೆಳೆಯುತ್ತೆ ಅನ್ನುವುದಕ್ಕೆ ಅದರ ಹತ್ತಿರ ಒಂದು ಪದವೂ ಇಲ್ಲ. 'ಅನಾಥಪ್ರಜ್ಞೆ', 'ಪರಕೀಯತೆ' ಇವೆಲ್ಲ ಅಲ್ಲಿಗೆ ಒದಗುವುದಿಲ್ಲ.

ಆದರೆ ಗಮನಿಸಿ, ಈ ಚಿತ್ರವೂ ಬಂದದ್ದು ಆತ್ಮಕತೆಯಲ್ಲಿ, 1990ರ ದಶಕದಲ್ಲಿ. ಅರವಿಂದ ಮಾಲಗತ್ತಿಯವರ 'ಗೌರ್ಮೆಂಟ್ ಬ್ರಾಹ್ಮಣ' ಬಂದದ್ದೂ 1994ರಲ್ಲಿ. 'ಹೊಲೆಮಾದಿಗರ ಹಾಡು' 1975ರದು. ಅಂದರೆ ಕವಿ ಮೊದಲು ಬಂದ, ಹುಡುಗ ಸುಮಾರು ಇಪ್ಪತ್ತು ವರ್ಷ ಕಾದು ನಿಂತ. ಇದಕ್ಕೆ ಕಾರಣ ಚರಿತ್ರೆಯಲ್ಲಿದೆ. 1973ರಲ್ಲಿ ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹಳಷ್ಟು ಬೂಸಾ ಅಂದರು, ಅದಕ್ಕೆ ಏಟು ತಿಂದವರು ದಲಿತ ವಿದ್ಯಾರ್ಥಿಗಳು. 1954ರಲ್ಲಿ ಹುಟ್ಟಿದ ಸಿದ್ಧಲಿಂಗಯ್ಯನವರಿಗೆ ಆ ಸಂಕಲನ ಬಂದಾಗ ಇನ್ನೂ ಇಪ್ಪತ್ತೊಂದು. ಬೀದಿಯಲ್ಲಿ ಮೆರವಣಿಗೆ ಹೊರಟಿರುವಾಗ ಗೋಲಿ ಆಟದ ಪದ್ಯ ಯಾರಿಗೆ ಬೇಕಿತ್ತು? ಬೇಕಾಗಿದ್ದದ್ದು 'ನಾವು' ಎಂಬ ದನಿ, ಅದು ಸಿಕ್ಕಿತು. ಆ ಹಾಡುಗಳಿಲ್ಲದೆ ನಾವು ಯಾರೂ ಇವತ್ತು ಈ ಪತ್ರಿಕೆಯ ಪುಟದಲ್ಲಿ ಇರುತ್ತಿರಲಿಲ್ಲ.

ತೊಂದರೆ ಆಮೇಲಿನದು. ಆ ದನಿ ಅಚ್ಚಾಯಿತು. ದಲಿತ-ಬಂಡಾಯದ ಎರಡನೆ ಮೂರನೆ ದರ್ಜೆಯ ಪದ್ಯಗಳಲ್ಲಿ ಮಗು ಅಂದರೆ ಬತ್ತಿದ ಮೊಲೆ ಚೀಪುವ ಮಗು, ಜೀತಕ್ಕಿಟ್ಟ ಮಗು, ಎಲುಬು ಕಾಣುವ ಮಗು. ಅದಕ್ಕೆ ಹೆಸರಿಲ್ಲ, ಹಟವಿಲ್ಲ, ತುಂಟತನವಿಲ್ಲ, ಸುಳ್ಳು ಹೇಳುವುದಕ್ಕೂ ಬರುವುದಿಲ್ಲ. ಸವರ್ಣ ಕಾವ್ಯ ನಮ್ಮ ಮಗುವನ್ನು ನೋಡಲೇ ಇಲ್ಲ, ನಮ್ಮ ಕಾವ್ಯ ಅದನ್ನು ಸಾಕ್ಷಿಕಟ್ಟೆಗೆ ಹತ್ತಿಸಿತು. ಎರಡು ಕಡೆಯೂ ಅದಕ್ಕೆ ಆಡುವುದಕ್ಕೆ ಬಿಡುವಿಲ್ಲ. 'ಊರುಕೇರಿ' ಓದಿದವರು ನಕ್ಕರು. ಅಷ್ಟು ನೋವಿನ ನಡುವೆ ಅಷ್ಟು ನಗು ಎಲ್ಲಿತ್ತು ಅಂತ ಬೆರಗಾದರು. ಆ ಹುಡುಗನ ಜೊತೆಗೇ ಇತ್ತು. ಪದ್ಯ ಅವನನ್ನು ಒಳಕ್ಕೆ ಕರೆದಿರಲಿಲ್ಲ, ಅಷ್ಟೆ. ಸಿದ್ಧಲಿಂಗಯ್ಯನವರು 2021ರಲ್ಲಿ ತೀರಿಕೊಂಡಾಗ ಎಲ್ಲ ಕಡೆ ಅವರ ಹೋರಾಟದ ಹಾಡುಗಳನ್ನು ಹಾಡಿದೆವು. ಸರಿಯೇ. ಆದರೆ ಆ ಕವಿಯ ಅರ್ಧ ಕಾವ್ಯಶಕ್ತಿ ಗದ್ಯದಲ್ಲಿದೆ ಎಂಬುದನ್ನು ವಿಮರ್ಶೆ ಇನ್ನೂ ಲೆಕ್ಕಕ್ಕೆ ತೆಗೆದುಕೊಂಡಿಲ್ಲ.

ಪದ್ಯದಲ್ಲೇ ಮಗು ಉಳಿದುಕೊಂಡ ಒಂದು ಉದಾಹರಣೆ ಕೊಡಬಲ್ಲೆ. ಮೂಡ್ನಾಕೂಡು ಚಿನ್ನಸ್ವಾಮಿಯವರ, 'ನಾನು ಮರವಾಗಿದ್ದರೆ' ಎಂದು ಕಲ್ಪಿಸಿಕೊಳ್ಳುವ ಪದ್ಯ. ಗೂಡು ಕಟ್ಟುವ ಮುಂಚೆ ಹಕ್ಕಿ ಜಾತಿ ಕೇಳುವುದಿಲ್ಲ ಅನ್ನುವಲ್ಲಿಂದ ಅದು ಹೊರಡುತ್ತದೆ. ಬಹಳ ಜನ ಇದನ್ನು ಬರೀ ಪ್ರತಿಭಟನೆಯ ಪದ್ಯವೆಂದು ಓದಿ ಮುಗಿಸುತ್ತಾರೆ. ನನಗೆ ಅದರ ನಡಿಗೆ ಮುಖ್ಯ. 'ನಾನು ಹಕ್ಕಿಯಾಗಿದ್ದರೆ', 'ನಾನು ಮುಖ್ಯಮಂತ್ರಿಯಾದರೆ' ಅಂತ ಮಿಡ್ಲ್ ಸ್ಕೂಲಿನಲ್ಲಿ ಮೇಷ್ಟ್ರು ಪ್ರಬಂಧ ಬರೆಸುವುದಿಲ್ಲವೆ, ಅದೇ ಧಾಟಿ. ಆಸೆ ಮಗುವಿನದು, ಅದರೊಳಗಿನ ತಿಳಿವಳಿಕೆ ಗಾಯಗೊಂಡ ದೊಡ್ಡವನದು. ಎರಡೂ ಒಂದನ್ನೊಂದು ಬಿಟ್ಟುಕೊಡುವುದಿಲ್ಲ. ಹೀಗಾಗಿಯೇ ಆ ಪದ್ಯ ಘೋಷಣೆಯಾಗದೆ ಉಳಿದಿದೆ.

ಹಾಸ್ಟೆಲಿನ ಹುಡುಗರು ಪದ್ಯ ತಂದು ತೋರಿಸುತ್ತಾರೆ. ಕೈಬರಹ ಬೇರೆ ಬೇರೆ, ಒಳಗಿರುವುದು ಒಂದೇ ಪದ್ಯ. 'ನೀನು ಚಿಕ್ಕವನಾಗಿದ್ದಾಗ ಏನಾಟ ಆಡ್ತಿದ್ದೆ?' ಅಂತ ಕೇಳಿದರೆ ಮುಖ ಅರಳಿಸಿಕೊಂಡು ಅರ್ಧ ಗಂಟೆ ಹೇಳುತ್ತಾರೆ. ಕೆರೆ ಏಡಿ ಹಿಡಿದದ್ದು, ಸೈಕಲ್ ಟೈರು ಓಡಿಸಿದ್ದು, ತಿಥಿ ಊಟದ ದಿನ ಲೆಕ್ಕ ಹಾಕಿಕೊಂಡು ಕಾದದ್ದು. 'ಬರಿ' ಅಂದರೆ 'ಅದೆಲ್ಲ ಪದ್ಯ ಆಗುತ್ತಾ ಸಾರ್?' ಅನ್ನುತ್ತಾರೆ. ಸಂಘಟನೆಯ ಗೆಳೆಯರೊಬ್ಬರು ಇದನ್ನು ಕೇಳಿ ಸಿಟ್ಟಾದರು. ಆಟಪಾಟ ಬರೆದರೆ ನಮ್ಮ ನೋವು ಹಗುರವಾಗುತ್ತೆ, ಮೇಲ್ಜಾತಿಯವರು 'ನೋಡಿ, ಅವರೂ ಸುಖವಾಗೇ ಇದ್ರು' ಅಂತಾರೆ ಅನ್ನುವುದು ಅವರ ವಾದ. ಈ ಅನುಮಾನವನ್ನು ತಳ್ಳಿಹಾಕುವಂತಿಲ್ಲ, ಹಾಗೆ ಅನ್ನುವ ಜನ ಇದ್ದೇ ಇದ್ದಾರೆ. ಆದರೆ ಅವರ ಕಿವಿಗಾಗಿ ನಮ್ಮ ಮಗುವಿನ ನಗು ಅಡಗಿಸಿ ಬರೆದರೆ ನಾವು ಬರೆಯುವುದು ಅವರ ಎದುರಿಗೇ, ನಮ್ಮ ಕೇರಿಯ ಎದುರಿಗಲ್ಲ. ಅದೂ ಅಲ್ಲದೆ ಏಡಿ ಹಿಡಿಯುತ್ತಿದ್ದ ಹುಡುಗನನ್ನು ಓದುಗ ಮೊದಲು ಕಂಡಿದ್ದರೆ ತಾನೇ, ನೀರಿನ ಕೊಡದ ಹತ್ತಿರ ಅವನಿಂದ ಏನು ಕಿತ್ತುಕೊಂಡರು ಅನ್ನುವುದು ಗೊತ್ತಾಗುವುದು?

ಇಷ್ಟು ಹೊತ್ತೂ ನಾನು 'ಹುಡುಗ' ಅಂತಲೇ ಬರೆಯುತ್ತಾ ಬಂದಿದ್ದೇನೆ. ನಾನು ಹೆಸರಿಸಿದ ಪುಸ್ತಕಗಳು ಗಂಡಸರವು, ಹಾಸ್ಟೆಲೂ ಗಂಡುಮಕ್ಕಳದೇ. ಹೆಣ್ಣುಮಗುವಿನ ಲೆಕ್ಕ ಬೇರೆಯೇ ಇದೆ. ಬಡಗಣ ಜಿಲ್ಲೆಗಳಲ್ಲಿ ಮುತ್ತು ಕಟ್ಟುವುದನ್ನು ನಿಷೇಧಿಸಿ ಕಾಯ್ದೆ ಮಾಡಿದ್ದು 1982ರಲ್ಲಿ. ಅಲ್ಲಿಯವರೆಗೂ, ಆಮೇಲೆ ಕದ್ದುಮುಚ್ಚಿಯೂ, ಎಷ್ಟೋ ಮಕ್ಕಳಿಗೆ ಮೈನೆರೆಯುವುದೇ ಭಯವಾಗಿತ್ತು. ಅಂಥ ಹುಡುಗಿ ನಮ್ಮ ಕವಿಗಳಿಗೆ ದೇವಿಗೆ ಬಲಿಯಾದವಳಾಗಿ ಕಂಡಳು. ಜೊತೆಗಾತಿಯ ಹತ್ತಿರ ಅವಳು ಪಿಸುಗುಟ್ಟಿದ್ದು ಏನು ಅಂತ ಯಾರೂ ಕೇಳಲಿಲ್ಲ. ಅಷ್ಟು ದೂರ ಯಾಕೆ, ನಮ್ಮ ಬೀದಿಯಲ್ಲೇ ಅವ್ವ ಕೂಲಿಗೆ ಹೋದಾಗ ತಮ್ಮನನ್ನು ಸೊಂಟದ ಮೇಲೆ ಹೊತ್ತುಕೊಂಡೇ ಕುಂಟೆಬಿಲ್ಲೆ ಆಡುತ್ತಿದ್ದ ಹುಡುಗಿಯರಿದ್ದರು. ಒಂಟಿಕಾಲಲ್ಲಿ, ಮಗು ಕೂಡ ಜೊತೆಗೆ ಎಗರುತ್ತಿತ್ತು. ಗೆರೆ ತುಳಿದರೆ ಔಟ್. ಗೆಲ್ಲುತ್ತಿದ್ದರು ಕೂಡ. ನಮ್ಮ ಅವ್ವಂದಿರ ಮೇಲೆ ಎಷ್ಟೊಂದು ಪದ್ಯಗಳಿವೆ. ಆ ಅವ್ವಂದಿರೆಲ್ಲ ಅದಕ್ಕೆ ಮುಂಚೆ ಈ ಹುಡುಗಿಯರೇ ಆಗಿದ್ದವರು.