ಕೆರೆದು ಮೂಡಿಸಿದ ಬಿಳುಪು
ಎಚ್ಚರದ ತರ್ಕವನ್ನು ಬದಿಗಿರಿಸಿ ಕನಸನ್ನೂ ಸುಪ್ತ ಮನಸ್ಸನ್ನೂ ಚಿತ್ರಕ್ಕಿಳಿಸುವ ಅತಿವಾಸ್ತವಿಕತೆಯ ಪ್ರಣಾಳಿಕೆಯನ್ನು ಆಂದ್ರೆ ಬ್ರೆತಾನ್ 1924ರಲ್ಲಿ ಪ್ಯಾರಿಸ್‌ನಲ್ಲಿ ಪ್ರಕಟಿಸಿದ ಮೇಲೆ, ಅದೇ ಬಳಗದ ಮ್ಯಾಕ್ಸ್ ಅರ್ನ್‌ಸ್ಟ್ ಒರಟು ವಸ್ತುಗಳ ಮೇಲೆ ಕ್ಯಾನ್ವಾಸ್ ಹಾಸಿ, ಬಳಿದ ಬಣ್ಣವನ್ನು ಕೆರೆದು, ಆಕಸ್ಮಿಕವಾಗಿ ಮೂಡಿದ ಗುರುತುಗಳಲ್ಲಿ ಕಾಡು, ಹಕ್ಕಿಗಳನ್ನು ಅರಸಿದರು.

ಇದರೊಡನೆ ಯಾವ ಕೊಡುಕೊಳೆಯೂ ಇಲ್ಲದ ಶಿರಸಿಯ ಮಾರಿಕಾಂಬಾ ದೇವಾಲಯದ ಕಾವಿ ಭಿತ್ತಿಚಿತ್ರಗಳಲ್ಲಿಯೂ ಕೆರೆತವೇ ಚಿತ್ರವಾಗುತ್ತದೆ: ಸುಣ್ಣದ ಗಾರೆ ಹಸಿಯಿರುವಾಗಲೇ ಅದರ ಮೇಲೆ ಕೆಮ್ಮಣ್ಣಿನ ಬಣ್ಣವಾದ ಕಾವಿಯನ್ನು ತೆಳ್ಳಗೆ ಬಳಿದು, ಮೊನಚಾದ ಸಲಕರಣೆಯಿಂದ ಗೀರಿದಾಗ ಅಡಿಯ ಬಿಳುಪು ಗೆರೆಯಾಗಿ ಹೊರಬರುತ್ತದೆ. ಅರ್ನ್‌ಸ್ಟ್ ಆಕಸ್ಮಿಕವನ್ನು ಕರೆದು ಕೂರಿಸಿಕೊಂಡರೆ, ಗಾರೆ ಗಟ್ಟಿಯಾಗುವುದರೊಳಗೆ ತಪ್ಪಿಲ್ಲದೆ ಮುಗಿಸಬೇಕಾದ ಕಾವಿ ಕಲಾವಿದನಿಗೆ ಅದು ಬೇಡದ ಅತಿಥಿ. ಕುಶಲತೆಯ ಮಾತಿನಲ್ಲಿ ಈ ಎರಡು ಬಣ್ಣದ ಗೋಡೆಗಳದ್ದೇ ಒಂದು ಕೈ ಮೇಲು.