ನಗರದರ್ಶನವೂ ಇತಿಹಾಸದೃಷ್ಟಿಯೂ: ಲಂಡನ್ನಿನ ಪ್ರೇಕ್ಷಣೀಯ ಸ್ಥಳಗಳನ್ನು ಕುರಿತು ಒಂದು ವಿಮರ್ಶೆ

೧

ಕನ್ನಡದಲ್ಲಿ ಪ್ರವಾಸಸಾಹಿತ್ಯವು ಗಣನೀಯವಾಗಿ ಬೆಳೆದಿದೆ. ಗೋಕಾಕರ 'ಸಮುದ್ರದಾಚೆಯಿಂದ', ಕಾರಂತರ 'ಅಪೂರ್ವ ಪಶ್ಚಿಮ', ೧೯೮೦ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯನ್ನು ಪಡೆದ 'ಅಮೆರಿಕದಲ್ಲಿ ಗೊರೂರು' - ಈ ಹೆಸರುಗಳು ನಮ್ಮ ವಿದ್ಯಾರ್ಥಿಗಳಿಗೆ ಅಪರಿಚಿತವಲ್ಲ. ಈ ಗ್ರಂಥಗಳ ಗುಣದೋಷಗಳನ್ನು ತೂಗುವುದು ಪ್ರಸ್ತುತ ಲೇಖನದ ಉದ್ದೇಶವಲ್ಲ. ಹೊರದೇಶಗಳಿಗೆ ಹೋಗಿಬಂದ ನಮ್ಮಂತಹ ಅಧ್ಯಾಪಕರು ಕಾಲೇಜಿನ ಸಂಘಗಳಲ್ಲಿ ಮಾಡುವ ಉಪನ್ಯಾಸಗಳಲ್ಲಿಯೂ, ವಾರ್ಷಿಕ ಸಂಚಿಕೆಗಳಿಗೆ ಬರೆಯುವ ಲೇಖನಗಳಲ್ಲಿಯೂ ಪದೇ ಪದೇ ಕಾಣಬರುವ ಒಂದು ದೋಷವನ್ನು ಮಾತ್ರ ನಾವು ಇಲ್ಲಿ ವಿವೇಚಿಸಲು ಹೊರಟಿದ್ದೇವೆ. ಈ ದೋಷಕ್ಕೆ ನಾವೂ ಹೊರತಾದವರಲ್ಲವಾದುದರಿಂದ, ಇದನ್ನು ಪರನಿಂದೆಯೆಂದು ವಾಚಕರು ಭಾವಿಸಬಾರದು.

ದೋಷವು ಇದು. ಮಹಾನಗರವೊಂದರಲ್ಲಿ ಕಂಡ ಅರಮನೆ, ಗೋಪುರ, ಸೇತುವೆ, ವಸ್ತುಸಂಗ್ರಹಾಲಯಗಳನ್ನು ನಾವು ಎತ್ತರ, ಉದ್ದ, ಪ್ರಾಚೀನತೆಗಳ ಸಮೇತ ವರ್ಣಿಸುತ್ತೇವೆ, ಬೆರಗಾಗುತ್ತೇವೆ, ನಮ್ಮ ನಾಡಿನೊಡನೆ ಹೋಲಿಸಿ ಒಮ್ಮೆ ಹಿಗ್ಗುತ್ತೇವೆ, ಒಮ್ಮೆ ಕುಗ್ಗುತ್ತೇವೆ. ಆದರೆ ಅದನ್ನು 'ನೋಡತಕ್ಕ ಸ್ಥಳ'ವನ್ನಾಗಿ ಮಾಡಿದವರು ಯಾರು, ಯಾವಾಗ ಮಾಡಿದರು, ಯಾವ ಕಾರಣಕ್ಕಾಗಿ ಮಾಡಿದರು ಎಂಬ ಪ್ರಶ್ನೆಯನ್ನು ಕೇಳುವುದಿಲ್ಲ. ಒಂದು ಶಾಸನವು ಕೈಗೆ ಬಂದರೆ ಅದನ್ನು ಹಾಕಿಸಿದವನು ಯಾರು, ಅದರ ಕಾಲ ಯಾವುದು, ಅದು ಹೇಳದೆ ಬಿಟ್ಟದ್ದೇನು ಎಂದು ಸೂಕ್ಷ್ಮವಾಗಿ ಪರಿಶೀಲಿಸುವ ಚರಿತ್ರಾಧ್ಯಾಪಕನೇ ಲಂಡನ್ನಿನ ಬೀದಿಯಲ್ಲಿ ನಿಂತಾಗ ಆ ವಿವೇಕವನ್ನು ಮರೆತುಬಿಡುವುದು ಸೋಜಿಗದ ಸಂಗತಿ.

೨

ನೋಡತಕ್ಕ ಸ್ಥಳಗಳ ಪಟ್ಟಿಯೆಂಬುದು ಅನಾದಿಯಾದುದಲ್ಲ. ಅದಕ್ಕೂ ಒಂದು ಇತಿಹಾಸವಿದೆ. ಲಂಡನ್ನಿನ ಪ್ರಕಾಶಕನಾದ ಜಾನ್ ಮರೆಯು ೧೮೩೬ರಲ್ಲಿ ಪ್ರವಾಸಿಗಳಿಗಾಗಿ ತನ್ನ ಕೈಪಿಡಿಗಳ ಮಾಲೆಯನ್ನು ಆರಂಭಿಸಿದನು. ಜರ್ಮನಿಯ ಕಾರ್ಲ್ ಬೇಡೆಕರನು ಅದೇ ದಾರಿಯನ್ನು ಹಿಡಿದು, ಯಾವುದನ್ನು ತಪ್ಪದೆ ನೋಡಬೇಕು ಎಂಬುದನ್ನು ನಕ್ಷತ್ರಚಿಹ್ನೆಗಳಿಂದ ಸೂಚಿಸುವ ಪದ್ಧತಿಯನ್ನು ಜನಪ್ರಿಯಗೊಳಿಸಿದನು. ೧೮೪೧ರ ಜುಲೈ ೫ರಂದು ಥಾಮಸ್ ಕುಕ್ಕನು ಸುಮಾರು ೫೦೦ ಜನರನ್ನು ಲೆಸ್ಟರಿನಿಂದ ಲಫ್‌ಬರೋ ಪಟ್ಟಣಕ್ಕೆ, ತಲೆಗೆ ಒಂದು ಷಿಲ್ಲಿಂಗಿನಂತೆ, ರೈಲಿನಲ್ಲಿ ಕರೆದೊಯ್ದನು. ಅದು ಪಾನನಿರೋಧದ ಸಭೆಗಾಗಿ ಕೈಕೊಂಡ ಯಾತ್ರೆ. ಹತ್ತು ವರ್ಷಗಳ ತರುವಾಯ, ೧೮೫೧ರಲ್ಲಿ, ಹೈಡ್ ಪಾರ್ಕಿನ ಸ್ಫಟಿಕ ಭವನದಲ್ಲಿ ಮಹಾಪ್ರದರ್ಶನವು ನಡೆದಾಗ ಅದೇ ಕುಕ್ಕನು ಸುಮಾರು ಒಂದೂವರೆ ಲಕ್ಷ ಜನರನ್ನು ಲಂಡನ್ನಿಗೆ ತಂದನು. ಆ ಪ್ರದರ್ಶನದ ಪ್ರವೇಶಗಳ ಒಟ್ಟು ಸಂಖ್ಯೆ ೬೦ ಲಕ್ಷ. ಎರಡು ವರ್ಷಗಳ ಹಿಂದೆಯಷ್ಟೇ, ಪಂಜಾಬನ್ನು ವಶಪಡಿಸಿಕೊಂಡಾಗ, ಕೈಗೆ ಬಂದಿದ್ದ ಕೊಹಿನೂರ್ ವಜ್ರವು ಅಲ್ಲಿನ ಮುಖ್ಯ ಆಕರ್ಷಣೆಗಳಲ್ಲಿ ಒಂದಾಗಿತ್ತು. ಪ್ರದರ್ಶನದಿಂದ ಉಳಿದ ಹಣದಿಂದ ದಕ್ಷಿಣ ಕೆನ್ಸಿಂಗ್ಟನ್ನಿನಲ್ಲಿ ಭೂಮಿಯನ್ನು ಕೊಂಡರು. ಇಂದು ಪ್ರವಾಸಿಗಳು ನೋಡುವ ವಿಕ್ಟೋರಿಯ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯವು ನಿಂತಿರುವುದು ಆ ನೆಲದಲ್ಲಿಯೇ.

ರೈಲು, ಕೈಪಿಡಿ, ಪ್ರದರ್ಶನ, ಸಾಮ್ರಾಜ್ಯ - ಈ ನಾಲ್ಕೂ ಒಂದೇ ತಲೆಮಾರಿನಲ್ಲಿ ಒಂದಕ್ಕೊಂದು ಹೆಣೆದುಕೊಂಡು ಇಂದಿನ ನಗರದರ್ಶನದ ರೂಪವನ್ನು ನಿರ್ಮಿಸಿದುವೆಂಬುದು ಇದರಿಂದ ಸ್ಪಷ್ಟವಾಗುತ್ತದೆ. ಕೈಪಿಡಿಯ ಪಟ್ಟಿಯು ನಿರಪಾಯವಾದ ವಸ್ತುವೂ ಅಲ್ಲ. ೧೯೪೨ರಲ್ಲಿ ಎಕ್ಸೆಟರ್, ಬಾತ್, ನಾರಿಚ್, ಯಾರ್ಕ್, ಕ್ಯಾಂಟರ್ಬರಿ ನಗರಗಳ ಮೇಲೆ ಜರ್ಮನರು ನಡೆಸಿದ ವಿಮಾನದಾಳಿಗಳಿಗೆ 'ಬೇಡೆಕರ್ ದಾಳಿ'ಗಳೆಂದೇ ಹೆಸರು ಬಂದಿತು. ಜನರು ಪ್ರೀತಿಯಿಂದ ನೋಡಲೆಂದು ಗುರುತಿಸಿದ ಪಟ್ಟಿಯೇ, ಏನನ್ನು ಕೆಡವಿದರೆ ಹೆಚ್ಚು ನೋಯುತ್ತದೆಂಬುದರ ಪಟ್ಟಿಯೂ ಆಯಿತು.

೩

ಈ ದೃಷ್ಟಿಯಿಂದ ಲಂಡನ್ನಿನ ಮೂರು ಸ್ಥಳಗಳನ್ನು ಪರೀಕ್ಷಿಸೋಣ. ವ್ಯಾಸಂಗಾರ್ಥವಾಗಿ ನಾವು ಆ ನಗರದಲ್ಲಿ ಕೆಲವು ತಿಂಗಳು ವಾಸವಾಗಿದ್ದೆವು. ಬ್ರಿಟಿಷ್ ಲೈಬ್ರರಿಯಲ್ಲಿ ಸುಮಾರು ೧೪ ಕಿಲೋಮೀಟರು ಉದ್ದದ ಕಪಾಟುಗಳನ್ನು ತುಂಬಿರುವ ಇಂಡಿಯಾ ಆಫೀಸಿನ ದಾಖಲೆಗಳಲ್ಲಿ ಕೆಲವನ್ನು ಓದುವುದು ವಾರದ ದಿನಗಳ ಕೆಲಸ, ಭಾನುವಾರಗಳಲ್ಲಿ ನಗರಸಂಚಾರ. ವಾರದ ಆರು ದಿನ ಸಂಶಯಶೀಲರಾಗಿದ್ದ ನಾವು ಏಳನೆಯ ದಿನ ಕೈಪಿಡಿಯನ್ನು ಹಿಡಿದ ಕೂಡಲೆ ಪರಮ ಶ್ರದ್ಧಾಳುಗಳಾಗುತ್ತಿದ್ದೆವು ಎಂಬುದನ್ನು ಈಗ ನೆನೆದರೆ ನಾಚಿಕೆಯಾಗುತ್ತದೆ.

ಮೊದಲನೆಯದು, ವಿದೇಶಾಂಗ ಕಚೇರಿಯ ಪಕ್ಕದಲ್ಲಿ ಕಿಂಗ್ ಚಾರ್ಲ್ಸ್ ಬೀದಿಯ ಕೊನೆಯಲ್ಲಿರುವ ರಾಬರ್ಟ್ ಕ್ಲೈವನ ಪ್ರತಿಮೆ. ನೋಡುವವನಿಗೆ ಅದು ಪ್ಲಾಸಿಯ ಕಾಲದ್ದೆಂಬ ಭಾವನೆಯುಂಟಾಗುವುದು ಸಹಜ. ಆದರೆ ಕ್ಲೈವನು ಸತ್ತದ್ದು ೧೭೭೪ರಲ್ಲಿ. ಪ್ರತಿಮೆಯು ಅನಾವರಣಗೊಂಡದ್ದು ೧೯೧೨ರಲ್ಲಿ. ಅಂದರೆ ೧೩೮ ವರ್ಷಗಳ ತರುವಾಯ! ಅದನ್ನು ನಿಲ್ಲಿಸಬೇಕೆಂದು ಮುಂದೆ ನಿಂತು ಪ್ರಯತ್ನಿಸಿದವನು ಲಾರ್ಡ್ ಕರ್ಜನ್. ೧೯೦೫ರಲ್ಲಿ ಬಂಗಾಳವನ್ನು ಒಡೆದವನೂ ಅವನೇ. ೧೯೧೧ರಲ್ಲಿ ಆ ವಿಭಜನೆಯು ರದ್ದಾಯಿತು. ಸಾಮ್ರಾಜ್ಯದ ಬುಡವು ಅಲುಗತೊಡಗಿದ ಕಾಲದಲ್ಲಿ ಅದರ ಸ್ಥಾಪಕನ ಪ್ರತಿಮೆಯು ಅವಶ್ಯವೆಂದು ತೋರಿದುದು ಆಕಸ್ಮಿಕವೆನ್ನಲಾಗದು. ಪೀಠದ ಮೇಲಿನ ಉಬ್ಬುಚಿತ್ರಗಳಲ್ಲಿ ಆರ್ಕಾಟಿನ ಮುತ್ತಿಗೆ, ಪ್ಲಾಸಿಯ ತೋಪು, ದಿವಾನಿಯ ಪ್ರದಾನ - ಈ ಮೂರು ಪ್ರಸಂಗಗಳಿವೆ. ೧೭೭೦ರ ಬಂಗಾಳದ ಕ್ಷಾಮವಿಲ್ಲ. ಆದುದರಿಂದ ಈ ಪ್ರತಿಮೆಯು ೧೭೫೭ಕ್ಕೆ ಸಾಕ್ಷಿಯಲ್ಲ, ೧೯೧೨ಕ್ಕೆ ಸಾಕ್ಷಿ. ಹಾಗೆ ಓದಿದರೆ ಮಾತ್ರ ಅದು ಅಮೂಲ್ಯವಾದ ಆಧಾರವಾಗುತ್ತದೆ.

ಎರಡನೆಯದು ಪಟ್ಟಿಯ ಮೌನಕ್ಕೆ ಉದಾಹರಣೆ. ಲೆಡನ್‌ಹಾಲ್ ಬೀದಿಯಲ್ಲಿ ಲಾಯ್ಡ್ಸ್ ವಿಮಾಸಂಸ್ಥೆಯ ಕಟ್ಟಡವಿದೆ. ರಿಚರ್ಡ್ ರೋಜರ್ಸನು ವಿನ್ಯಾಸಗೊಳಿಸಿದ, ೧೯೮೬ರಲ್ಲಿ ಮುಗಿದ ಈ ಕಟ್ಟಡದ ಕೊಳವೆಗಳೂ ಮೆಟ್ಟಿಲುಗಳೂ ಹೊರಮೈಯಲ್ಲಿಯೇ ಕಾಣುವುದರಿಂದ ಪ್ರವಾಸಿಗಳು ಅದರ ಛಾಯಾಚಿತ್ರವನ್ನು ತೆಗೆದುಕೊಳ್ಳುತ್ತಾರೆ. ನಾವೂ ತೆಗೆದುಕೊಂಡೆವು. ಆದರೆ ಈಸ್ಟ್ ಇಂಡಿಯಾ ಕಂಪೆನಿಯ ಪ್ರಧಾನ ಕಚೇರಿಯು ನಿಂತಿದ್ದುದು ಇದೇ ನಿವೇಶನದಲ್ಲಿ ಎಂಬುದು ನಮಗೆ ಆಗ ಹೊಳೆಯಲಿಲ್ಲ. ೧೮೬೧ರಲ್ಲಿ ಅದನ್ನು ಕೆಡವಿದರು. ನಾವು ವಾರವೆಲ್ಲ ಯಾವ ಕಚೇರಿಯ ಪತ್ರಗಳನ್ನು ಓದುತ್ತಿದ್ದೆವೋ ಅದೇ ಕಚೇರಿಯ ನೆಲದ ಮೇಲೆ ನಿಂತು, ಅದನ್ನರಿಯದೆ, ಉಕ್ಕಿನ ಕೊಳವೆಗಳನ್ನು ನೋಡಿ ಹಿಂದಿರುಗಿದ್ದೆವು! ನಗರವು ತೋರಿಸುವುದನ್ನಷ್ಟೇ ನೋಡಿದರೆ ಆಗುವ ನಷ್ಟಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ.

ಮೂರನೆಯದು ಕನ್ನಡನಾಡಿಗೆ ನೇರವಾಗಿ ಸಂಬಂಧಿಸಿದುದು: ಟಿಪ್ಪುವಿನ ಹುಲಿ. ಯೂರೋಪಿಯನ್ ಒಬ್ಬನ ಮೇಲೆ ಎರಗಿರುವ ಮರದ ಹುಲಿಯಿದು. ಹಿಡಿಯನ್ನು ತಿರುಗಿಸಿದರೆ ಬಿದ್ದವನ ಕೈ ಮೇಲೇಳುತ್ತದೆ, ನರಳಾಟವೂ ಗರ್ಜನೆಯೂ ಕೇಳುತ್ತವೆ. ಹುಲಿಯ ಒಡಲಿನಲ್ಲಿ ಒಂದು ವಾದ್ಯವೂ ಇದೆ. ೧೭೯೯ರ ಮೇ ೪ರಂದು ಶ್ರೀರಂಗಪಟ್ಟಣವು ಬಿದ್ದ ಬಳಿಕ ಇದು ಕಂಪೆನಿಯವರ ವಶವಾಯಿತು. ೧೮೦೮ರಿಂದ ಇದನ್ನು ಲೆಡನ್‌ಹಾಲ್ ಬೀದಿಯ ಅದೇ ಕಚೇರಿಯಲ್ಲಿ ಸಾರ್ವಜನಿಕರಿಗೆ ತೋರಿಸತೊಡಗಿದರು. ನೋಡಲು ಬಂದವರು ಹಿಡಿಯನ್ನು ತಿರುಗಿಸುತ್ತಿದ್ದುದರಿಂದ ಪಕ್ಕದ ಪುಸ್ತಕಾಲಯದಲ್ಲಿ ಓದುವವರಿಗೆ ಉಪದ್ರವವಾಗುತ್ತಿತ್ತು. ೧೮೮೦ರಲ್ಲಿ ಅದು ದಕ್ಷಿಣ ಕೆನ್ಸಿಂಗ್ಟನ್ನಿನ ವಸ್ತುಸಂಗ್ರಹಾಲಯವನ್ನು ಸೇರಿತು. ಎರಡನೆಯ ಮಹಾಯುದ್ಧದ ಬಾಂಬುದಾಳಿಯಲ್ಲಿ ಜಖಂಗೊಂಡು ಮತ್ತೆ ದುರಸ್ತಿಯಾಯಿತು. ರಾಜನೊಬ್ಬನ ರೋಷವನ್ನು ಸಾರಿದ ವಸ್ತುವು ಹೀಗೆ ಕ್ರಮವಾಗಿ ಜಯದ ಗುರುತು, ಜನರ ವಿನೋದ, ಕಲಾವಸ್ತು ಎಂಬ ಮೂರು ಜನ್ಮಗಳನ್ನು ಲಂಡನ್ನಿನಲ್ಲಿಯೇ ಪಡೆದಿದೆ. ಪ್ರವಾಸಿಯು ಗಾಜಿನ ಪೆಟ್ಟಿಗೆಯಲ್ಲಿ ಕಾಣುವುದು ಮೂರನೆಯದನ್ನು ಮಾತ್ರ.

೪

ಈ ಹುಲಿಯ ಮುಂದೆ ನಾವು ನಿಂತಿದ್ದಾಗ ಶಾಲೆಯ ಮಕ್ಕಳ ಗುಂಪೊಂದು ಬಂದು ಅದನ್ನು ಕಂಡು ಗೊಳ್ಳೆಂದು ನಕ್ಕಿತು. ನಮಗೆ ಸಿಟ್ಟು ಬಂದಿತು. ಊರಿಗೆ ಹಿಂದಿರುಗಿದ ಮೇಲೆ ನಮ್ಮ ಕಾಲೇಜಿನ ಇತಿಹಾಸ ಸಂಘದಲ್ಲಿ ಚಿತ್ರಗಳೊಡನೆ ಉಪನ್ಯಾಸ ಮಾಡುತ್ತ, ಈ ಸಿಟ್ಟನ್ನು ತಕ್ಕಷ್ಟು ಅಲಂಕರಿಸಿಯೇ ಹೇಳಿದೆವು. ಕೊನೆಯಲ್ಲಿ ಎರಡನೆಯ ವರ್ಷದ ವಿದ್ಯಾರ್ಥಿನಿಯೊಬ್ಬಳು ಎದ್ದು, "ದರಿಯಾ ದೌಲತ್ತಿನ ಗೋಡೆಯಲ್ಲಿ ಪಲ್ಲಕ್ಕಿಯೊಳಗೆ ಕುಳಿತ ಬೇಲಿಯನ್ನು ನೋಡಿ ನಾವೆಲ್ಲ ಹೋದವರ್ಷ ನಕ್ಕೆವಲ್ಲ, ಆಗ ತಾವೂ ನಕ್ಕಿರಿ" ಎಂದಳು. ಸಭೆಯಲ್ಲಿ ನಗು ಎದ್ದಿತು. ನಮ್ಮ ಬಳಿ ಉತ್ತರವಿರಲಿಲ್ಲ.

ಆಕೆಯ ಮಾತು ನಮ್ಮನ್ನು ಮತ್ತೆ ಶ್ರೀರಂಗಪಟ್ಟಣಕ್ಕೆ ಕಳುಹಿಸಿತು. ೧೭೮೦ರ ಪೊಳ್ಳಿಲೂರು ಯುದ್ಧದಲ್ಲಿ ಕರ್ನಲ್ ಬೇಲಿಯ ಸೈನ್ಯವು ಹೈದರ್ ಮತ್ತು ಟಿಪ್ಪುವಿನ ಸೈನ್ಯದಿಂದ ನಾಶವಾದುದನ್ನು ಆ ಭಿತ್ತಿಚಿತ್ರವು ತೋರಿಸುತ್ತದೆ. ಬೇಲಿಯು ಸೆರೆಯಲ್ಲಿಯೇ, ೧೭೮೨ರಲ್ಲಿ, ಶ್ರೀರಂಗಪಟ್ಟಣದಲ್ಲಿ ಸತ್ತನು. ಅವನ ಸ್ಮಾರಕವು ಗುಂಬಜ್‌ನ ಸಮೀಪದಲ್ಲಿದೆ. ಗೋಡೆಯ ಚಿತ್ರವನ್ನು ನೋಡಿ ನಕ್ಕ ನಾವು ಆ ಸ್ಮಾರಕದ ಕಡೆಗೆ ಹೋಗಿರಲಿಲ್ಲ. ಅಷ್ಟೇ ಅಲ್ಲ, ಆ ಚಿತ್ರವು ಟಿಪ್ಪುವಿನ ಕಾಲದ ಬಣ್ಣದಲ್ಲಿಯೇ ಉಳಿದುಬಂದುದಲ್ಲ. ೧೭೯೯ರ ತರುವಾಯ ಆ ಅರಮನೆಯಲ್ಲಿ ವಾಸವಾಗಿದ್ದ ಆರ್ಥರ್ ವೆಲ್ಲೆಸ್ಲಿಯು ಅದನ್ನು ಜೀರ್ಣೋದ್ಧಾರ ಮಾಡಿಸಿದನು. ಮುಂದೆ ಡಾಲ್‌ಹೌಸಿಯ ಅಪ್ಪಣೆಯಂತೆ ಅದು ಮತ್ತೊಮ್ಮೆ ಬರೆಯಲ್ಪಟ್ಟಿತು. ಇಂಗ್ಲಿಷರ ಸೋಲಿನ ಚಿತ್ರವನ್ನು ಇಂಗ್ಲಿಷರೇ ಏಕೆ ಕಾಪಾಡಿದರು? ಸಂಪೂರ್ಣವಾಗಿ ಗೆದ್ದವನಿಗೆ ತನ್ನ ಹಿಂದಿನ ಸೋಲೂ ಜಯಕಥೆಯ ಒಂದು ಅಧ್ಯಾಯವಾಗುತ್ತದೆ ಎಂದು ನಮಗೆ ತೋರುತ್ತದೆ. ಹೇಗೇ ಇರಲಿ, ಈ ಪ್ರಶ್ನೆಯನ್ನು ಮೊದಲು ಕೇಳಬೇಕಾಗಿದ್ದವರು ಮೈಸೂರಿನ ಸೀಮೆಯ ಅಧ್ಯಾಪಕರಾದ ನಾವು. ಅದು ಹೊಳೆಯಬೇಕಾದರೆ ಲಂಡನ್ನಿನ ಮಕ್ಕಳ ನಗುವೂ ನಮ್ಮ ವಿದ್ಯಾರ್ಥಿನಿಯ ನೇರ ನುಡಿಯೂ ಬೇಕಾದುವು.

೫

ಇಲ್ಲಿ ಒಂದು ಆಕ್ಷೇಪಣೆಗೆ ಅವಕಾಶವಿದೆ. ಕಷ್ಟಪಟ್ಟು ದುಡ್ಡು ಕೂಡಿಸಿ ಪರದೇಶಕ್ಕೆ ಹೋದವನು ಸಂತೋಷವಾಗಿ ನಾಲ್ಕು ನೋಟ ನೋಡಬಾರದೆ? ಪ್ರತಿಯೊಂದು ಕಲ್ಲನ್ನೂ ಪಾಟೀಸವಾಲಿಗೆ ಗುರಿಮಾಡಬೇಕೆ? ಈ ಆಕ್ಷೇಪಣೆಯಲ್ಲಿ ಸತ್ಯವಿದೆ. ಮೂರು ದಿನಗಳಿಗಾಗಿ ಬಂದ ಯಾತ್ರಿಕನಿಗೆ ಪಟ್ಟಿಯೇ ಗತಿ. ಅವನನ್ನು ದೂಷಿಸುವುದು ನ್ಯಾಯವಲ್ಲ. ನಮ್ಮ ಮಾತು ಅಲ್ಲಿ ವಾಸಮಾಡುವವರನ್ನು ಕುರಿತದ್ದು. ವ್ಯಾಸಂಗಕ್ಕಾಗಿಯೋ ಉದ್ಯೋಗಕ್ಕಾಗಿಯೋ ಮಕ್ಕಳ ಮನೆಯಲ್ಲಿ ಕೆಲವು ತಿಂಗಳಿರುವುದಕ್ಕಾಗಿಯೋ ಹೋದ ಕನ್ನಡಿಗರ ಸಂಖ್ಯೆ ಇಂದು ಅಲ್ಪವಲ್ಲ. ಅವರಿಗೆ ಯಾತ್ರಿಕನಿಗಿಲ್ಲದ ಒಂದು ಸೌಲಭ್ಯವಿದೆ: ಮತ್ತೊಮ್ಮೆ ಹೋಗಬಹುದು. ಲಂಡನ್ನಿನ ರಾಷ್ಟ್ರೀಯ ವಸ್ತುಸಂಗ್ರಹಾಲಯಗಳ ಕಾಯಂ ಪ್ರದರ್ಶನಗಳಿಗೆ ಪ್ರವೇಶಶುಲ್ಕವೂ ಇಲ್ಲ. ಮೊದಲನೆಯ ಸಲ ಬೆರಗಾಗಲಿ, ಬೆರಗು ತಪ್ಪಲ್ಲ. ಎರಡನೆಯ ಸಲ ಓದಿಕೊಂಡು ಹೋಗಲಿ. ಮೂರನೆಯ ಸಲ ವಸ್ತುವನ್ನು ಬಿಟ್ಟು ಅದನ್ನು ನೋಡುವವರನ್ನು ನೋಡಲಿ. ತಿಳಿದು ನೋಡಿದಾಗ ಸಂತೋಷವು ಕುಂದುವುದಿಲ್ಲ. ಲೆಡನ್‌ಹಾಲ್ ಬೀದಿಗೆ ನಾವು ಎರಡನೆಯ ಸಲ ಹೋದಾಗ ಉಂಟಾದ ರೋಮಾಂಚನವು ಮೊದಲನೆಯ ಸಲ ಉಂಟಾಗಿರಲಿಲ್ಲ.

ಇದೇ ಪರೀಕ್ಷೆಗೆ ನಮಗೆ ಪ್ರಿಯವಾದುದನ್ನೂ ಒಡ್ಡುವ ಧೈರ್ಯವಿರಬೇಕು. ಥೇಮ್ಸ್ ನದಿಯ ದಡದಲ್ಲಿ, ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನಲ್ಲಿ, ಬಸವೇಶ್ವರರ ಪ್ರತಿಮೆಯಿದೆ. ೨೦೧೫ರ ನವೆಂಬರ್ ೧೪ರಂದು ಪ್ರಧಾನಮಂತ್ರಿ ನರೇಂದ್ರ ಮೋದಿಯವರು ಅದನ್ನು ಅನಾವರಣ ಮಾಡಿದರು. ಅದರ ಮುಂದೆ ನಿಂತ ಕನ್ನಡಿಗನ ಎದೆ ಉಬ್ಬುತ್ತದೆ, ನಮ್ಮದೂ ಉಬ್ಬಿತು. ಆದರೆ ಕ್ಲೈವನ ಪ್ರತಿಮೆಯು ೧೯೧೨ಕ್ಕೆ ಸಾಕ್ಷಿಯಾದರೆ, ಇದು ಹನ್ನೆರಡನೆಯ ಶತಮಾನದ ಕಲ್ಯಾಣಕ್ಕಿಂತ ಹೆಚ್ಚಾಗಿ ೨೦೧೫ರ ಲಂಡನ್ನಿಗೆ, ಅಲ್ಲಿ ನೆಲೆಸಿ ತಮ್ಮ ನಾಡಿನ ಹಿರಿಯನೊಬ್ಬನನ್ನು ಆ ನಗರವು ಗುರುತಿಸಬೇಕೆಂದು ಬಯಸಿದ ಜನರಿಗೆ, ಸಾಕ್ಷಿ. ಹೀಗೆಂದರೆ ಪ್ರತಿಮೆಗೆ ಕುಂದಿಲ್ಲ. ಮುಂದಿನ ಚರಿತ್ರಕಾರನು ಅದನ್ನು ಓದಬೇಕಾದ ರೀತಿ ಇದೇ.

ಕೊನೆಯದಾಗಿ, ವಿದೇಶದಿಂದ ಹಿಂದಿರುಗಿ ಬರೆಯುವ ಅಧ್ಯಾಪಕಮಿತ್ರರಲ್ಲಿಯೂ, ಮುಂದೆ ಹೋಗಲಿರುವ ವಿದ್ಯಾರ್ಥಿಗಳಲ್ಲಿಯೂ ನಮ್ಮ ವಿಜ್ಞಾಪನೆ ಇಷ್ಟೇ. ಕಂಡ ಪ್ರತಿಯೊಂದು ಸ್ಥಳಕ್ಕೂ ಎರಡು ಕಾಲಗಳನ್ನು ಬರೆದುಕೊಳ್ಳಿರಿ: ಅದು ಯಾವ ಕಾಲವನ್ನು ನೆನಪಿಸುತ್ತದೆ, ಯಾವ ಕಾಲದಲ್ಲಿ ಅದನ್ನು ನಿಲ್ಲಿಸಿದರು. ಈ ಎರಡರ ನಡುವಣ ಅಂತರದಲ್ಲಿಯೇ ಇತಿಹಾಸದ ಬಹುಭಾಗವು ಅಡಗಿರುತ್ತದೆ. ಅನಂತರ ಆ ಪುಸ್ತಕವನ್ನು ಮುಚ್ಚಿಡದೆ, ಅದೇ ಪ್ರಶ್ನೆಯನ್ನು ಹಿಡಿದು ನಿಮ್ಮ ಊರಿನ ಕೋಟೆಯನ್ನೂ ಒಮ್ಮೆ ಸುತ್ತಿಬನ್ನಿರಿ.