ರಕ್ಕಸನ ಹಲಗೆ ಕಾಣಬೇಕಾದರೆ

ಅಓಶಿಮಾಕ್ಕೆ ಮೊದಲ ಸಲ ಹೋದಾಗ ಉಬ್ಬರದ ಹೊತ್ತು. ಸೇತುವೆಯ ಎರಡೂ ಬದಿಗೆ ನೀರೋ ನೀರು. ಪಟಗಳಲ್ಲಿ ಕಂಡಿದ್ದ ಕಲ್ಲಿನ ಸಾಲುಗಳಲ್ಲಿ ನಾಲ್ಕಾರರ ಬೆನ್ನು ಮಾತ್ರ ನೊರೆಯ ನಡುವೆ ಇಣುಕುತ್ತಿತ್ತು. ಸಂಜೆಯ ರೈಲು ಹಿಡಿಯಲೇಬೇಕಿತ್ತು, ಹೊರಟುಬಿಟ್ಟೆ. ಎರಡನೇ ಸಲ ಪಂಚಾಂಗ ನೋಡಿ, ಅಮಾವಾಸ್ಯೆಯ ಮರುದಿನಕ್ಕೆ ಹೊಂದಿಸಿಕೊಂಡು ಹೋದೆ. ಅದೇ ಸೇತುವೆ, ಅದೇ ಜಾಗ. ಕೆಳಗೆ ಮಾತ್ರ ಕಡಲಿರಲಿಲ್ಲ. ದಡದಿಂದ ಬಹುದೂರದವರೆಗೆ ಕಪ್ಪು ಕಲ್ಲಿನ ಉದ್ದುದ್ದ ಏರಿಗಳು, ಉತ್ತಿಟ್ಟ ಹೊಲದ ಸಾಲುಗಳ ಹಾಗೆ, ಒಂದರ ಪಕ್ಕ ಒಂದು ಹಾಸಿಕೊಂಡಿದ್ದವು.

ಜಪಾನಿನ ದೊಡ್ಡ ದ್ವೀಪಗಳಲ್ಲಿ ನೈಋತ್ಯಕ್ಕಿರುವ ಕ್ಯೂಶೂವಿನ ಪೂರ್ವ ಕರಾವಳಿಯಲ್ಲಿ ಮಿಯಾಜಾಕಿ ನಗರವಿದೆ. ಅಲ್ಲಿಂದ ನಿಚಿನಾನ್ ರೈಲು ಹತ್ತಿದರೆ ಅರ್ಧ ತಾಸಿಗೆ ಅಓಶಿಮಾ ನಿಲ್ದಾಣ. ಇಳಿದು ಹತ್ತು ಹದಿನೈದು ನಿಮಿಷ ನಡೆದರೆ ಸೇತುವೆ, ದಾಟಿದರೆ ದ್ವೀಪ. ಸುತ್ತಳತೆ ಸುಮಾರು 1.5 ಕಿ.ಮೀ. ಬೀಸುಗಾಲು ಹಾಕಿದರೆ ಅರ್ಧ ತಾಸಿನಲ್ಲಿ ಸುತ್ತಿ ಬರಬಹುದು. ಹಾಗೆ ಸುತ್ತಿ, ಪಟ ತೆಗೆದುಕೊಂಡು, ಐಸ್‌ಕ್ರೀಮ್ ತಿಂದು ಹೋಗುವವರೇ ಹೆಚ್ಚು. ನಾನು ನಾಲ್ಕು ತಾಸು ಕಳೆದೆ, ಆದರೂ ಸಾಲಲಿಲ್ಲ.

ಈ ಕಲ್ಲುಹಾಸಿಗೆ ಅಲ್ಲಿಯ ಜನ ಇಟ್ಟ ಹೆಸರು ‘ಒನಿ ನೊ ಸೆಂತಾಕುಇತಾ’. ಒನಿ ಅಂದರೆ ಕೊಂಬಿನ ರಕ್ಕಸ, ಸೆಂತಾಕುಇತಾ ಅಂದರೆ ಬಟ್ಟೆ ಉಜ್ಜುವ ಗೀರುಗಳುಳ್ಳ ಮರದ ಹಲಗೆ. ನಮ್ಮಲ್ಲಿ ಹಿತ್ತಲಿನ ಚಪ್ಪಟೆ ಒಗೆಯುವ ಕಲ್ಲನ್ನೇ ಕಂಡವರಿಗೆ ಈ ಹೋಲಿಕೆ ತಟ್ಟನೆ ಹೊಳೆಯಲಿಕ್ಕಿಲ್ಲ. ಪೇಟೆಯ ಮನೆಗಳಲ್ಲಿ ಮೈಮೇಲೆ ಅಡ್ಡಗೆರೆ ಕೊರೆದ ಸಿಮೆಂಟಿನ ಒಗೆಯುವ ಕಲ್ಲು ಇರುತ್ತದಲ್ಲ, ಅದನ್ನು ನೆನಪಿಸಿಕೊಳ್ಳಿ. ಅದನ್ನೇ ಹಿಗ್ಗಿಸಿ ಎಂಟು ಕಿ.ಮೀ. ಉದ್ದಕ್ಕೆ ದಡದಗುಂಟ ಹಾಸಿದರೆ ಹೇಗಿರಬಹುದೋ ಹಾಗಿದೆ. ಅಓಶಿಮಾದಿಂದ ದಕ್ಷಿಣಕ್ಕೆ ಕಿಂಚಾಕು ಎಂಬ ಪುಟ್ಟ ದ್ವೀಪದವರೆಗೂ ಇದು ಹಬ್ಬಿದೆ.

ಒಂದು ಏರಿಯ ಪಕ್ಕ ಕುಕ್ಕರುಗಾಲಲ್ಲಿ ಕೂತು ನೋಡಿದೆ. ಏರಿ ಮರಳುಗಲ್ಲಿನದು. ಬೆರಳಾಡಿಸಿದರೆ ತರಿತರಿ. ಉದ್ದಕ್ಕೂ ಬಿರುಕು ಬಿಟ್ಟು, ಇಟ್ಟಿಗೆ ಜೋಡಿಸಿದಂತೆ ಕಾಣುತ್ತದೆ. ಪಕ್ಕದ ತಗ್ಗಿನಲ್ಲಿ ಬೂದುಬಣ್ಣದ ಕೆಸರುಗಲ್ಲು. ಅದರ ಮೈ ನುಣುಪು, ಅಂಚು ಹಕ್ಕಳೆ ಹಕ್ಕಳೆಯಾಗಿ ಎದ್ದಿರುತ್ತದೆ. ಅದರಾಚೆ ಮತ್ತೆ ಮರಳುಗಲ್ಲು, ಮತ್ತೆ ಕೆಸರುಗಲ್ಲು. ಪದರಗಳು ಮಟ್ಟಸವಾಗಿಲ್ಲ, ಒಂದು ಕಡೆಗೆ ವಾಲಿವೆ. ಹಾಗಾಗಿ ಪ್ರತಿ ಏರಿಗೂ ಒಂದು ಮಗ್ಗುಲು ಇಳಿಜಾರು, ಇನ್ನೊಂದು ಮಗ್ಗುಲು ಕಡಿದು.

ಸುಮಾರು 70 ಲಕ್ಷ ವರ್ಷಗಳ ಹಿಂದೆ ಇದು ಆಳದ ಕಡಲತಳ. ಅಲ್ಲಿಗೆ ಕೆಸರು ಧೂಳಿನಂತೆ ಸದ್ದಿಲ್ಲದೆ ಇಳಿಯುತ್ತಿತ್ತು. ಯಾವಾಗಲೋ ಒಮ್ಮೆ ಭೂಮಿ ನಡುಗಿಯೋ ದಡದ ಬಳಿಯ ಇಳಿಜಾರು ಕುಸಿದೋ ಮರಳಿನ ರಾಶಿ ನೀರೊಳಗೇ ಜರಿದು, ಪ್ರವಾಹವಾಗಿ ನುಗ್ಗಿ ಬಂದು ಕೆಸರಿನ ಮೇಲೆ ಹರಡಿಕೊಳ್ಳುತ್ತಿತ್ತು. ಹೀಗೆ ಬಂದ ಮರಳು ಒಂದು ಪದರವಾಗಲು ಕೆಲವು ತಾಸು ಸಾಕು. ಅದರ ಮೇಲಿನ ಕೆಸರಿನ ಪದರ ಕೂಡಿಕೊಳ್ಳಲು ನೂರಾರು ವರ್ಷ ಬೇಕು. ಎಡಗೈಯನ್ನು ಮರಳುಗಲ್ಲಿನ ಮೇಲೂ ಬಲಗೈಯನ್ನು ಕೆಸರುಗಲ್ಲಿನ ಮೇಲೂ ಊರಿದೆ. ಒಂದು ಕೈಯ ಕೆಳಗೆ ಒಂದು ದಿನ, ಇನ್ನೊಂದರ ಕೆಳಗೆ ಹಲವು ತಲೆಮಾರು. ಮರಳುಗಲ್ಲಿನ ಮೇಲೆ ಅಲ್ಲಲ್ಲಿ ಹುಳುಗಳು ಹರಿದಾಡಿದ ಗುರುತುಗಳೂ ಉಳಿದಿವೆ. ಆ ಹುಳುಗಳ ಮೈಯ ಚೂರೂ ಇಲ್ಲ, ಅವು ನಡೆದ ದಾರಿ ಇದೆ.

ಮುಂದೆ ಈ ಕಡಲತಳ ಮೇಲೆದ್ದು ಅಲೆಗಳ ಬಾಯಿಗೆ ಬಂತು. ಕೆಸರುಗಲ್ಲು ಇಳಿತದಲ್ಲಿ ಬಿಸಿಲಿಗೆ ಒಣಗುತ್ತದೆ, ಉಬ್ಬರದಲ್ಲಿ ನೆನೆಯುತ್ತದೆ. ದಿನಕ್ಕೆರಡು ಸಲ ಹೀಗೆ ಒಣಗಿ ನೆನೆದು ಚೂರುಚೂರಾಗುತ್ತದೆ, ಅಲೆ ಬಂದು ಗುಡಿಸಿಕೊಂಡು ಹೋಗುತ್ತದೆ. ಗಟ್ಟಿಯಾದ ಮರಳುಗಲ್ಲು ಏರಿಯಾಗಿ ಉಳಿಯುತ್ತದೆ. ಅಂದರೆ ಈ ಹಲಗೆಯನ್ನು ಕೊರೆಯುವಲ್ಲಿ ಅಲೆಯ ಹೊಡೆತಕ್ಕಿರುವಷ್ಟೇ ಪಾಲು ಉಬ್ಬರ ಇಳಿತಕ್ಕೂ ಇದೆ. ಹಾಗಂತ ಮರಳುಗಲ್ಲೂ ಅಮರವಲ್ಲ. ಸೇತುವೆಯ ಕಂಬಗಳಿಗೆ ಕಟ್ಟಿದ ಮರಳುಗಲ್ಲನ್ನು ಬಗ್ಗಿ ನೋಡಿ: ಉಪ್ಪುನೀರಿನ ಸಿಂಚನ ಒಣಗಿ, ಹರಳುಗಟ್ಟಿದ ಉಪ್ಪು ಒಳಗಿನಿಂದಲೇ ಕಲ್ಲನ್ನು ಒಡೆದು, ಜೇನುಗೂಡಿನಂಥ ತೂತು ಕೊರೆದಿದೆ. ಭೂವಿಜ್ಞಾನಿಗಳು ಈ ಸವೆತವನ್ನು ಅಳೆದು ಪ್ರಬಂಧ ಬರೆದಿದ್ದಾರೆ. ದ್ವೀಪದ ಈ ಎದ್ದ ಕಡಲತಳಕ್ಕೆ 1934ರಲ್ಲೇ ಜಪಾನ್ ಸರ್ಕಾರ ರಾಷ್ಟ್ರೀಯ ನೈಸರ್ಗಿಕ ಸ್ಮಾರಕದ ಮನ್ನಣೆ ಕೊಟ್ಟಿತು.

ಮಲ್ಪೆಯ ಸೇಂಟ್ ಮೇರೀಸ್ ದ್ವೀಪ ಕಂಡವರಿಗೆ ಒಂದು ಮಾತು. ಅಲ್ಲಿ ನಿಂತಿರುವುದು ಲಾವಾ ಆರುವಾಗ ಮೂಡಿದ ಕಂಬಗಳು, ಬೆಂಕಿಯ ಕೆಲಸ. ಇಲ್ಲಿ ಮಲಗಿರುವುದು ಪೂರಾ ನೀರಿನ ಕೆಲಸ. ಒಂದನ್ನು ಕಂಡ ಕಣ್ಣಿಗೆ ಇನ್ನೊಂದು ಚೆನ್ನಾಗಿ ಅರ್ಥವಾಗುತ್ತದೆ.

ದ್ವೀಪದ ನಡುವೆ ಬಿರೋ ಎಂಬ ತಾಳೆ ಜಾತಿಯ ಮರಗಳ ದಟ್ಟ ಕಾಡು, ಬೀಸಣಿಗೆಯಂಥ ಎಲೆ. ಆ ಕಾಡಿಗೆ 1952ರಲ್ಲಿ ಇನ್ನೂ ಹೆಚ್ಚಿನ ದರ್ಜೆಯ ರಕ್ಷಣೆ ಸಿಕ್ಕಿತು. ಕಾಡಿನೊಳಗೆ ಅಓಶಿಮಾ ದೇಗುಲ. ದ್ವೀಪವೇ ಪವಿತ್ರವೆಂದು 1737ರವರೆಗೆ ಜನಸಾಮಾನ್ಯರಿಗೆ ಇಲ್ಲಿ ಮುಕ್ತ ಪ್ರವೇಶವಿರಲಿಲ್ಲ. ಇಲ್ಲಿಯ ದೇವರ ಕಥೆ 712ರ ‘ಕೊಜಿಕಿ’ಯಲ್ಲಿದೆ. ತಮ್ಮನಾದ ಬೇಟೆಗಾರ ಯಾಮಾಸಾಚಿ, ಬೆಸ್ತನಾದ ಅಣ್ಣನ ಗಾಳವನ್ನು ಎರವಲು ತಂದು ಕಡಲಲ್ಲಿ ಕಳೆದುಬಿಡುತ್ತಾನೆ. ಹುಡುಕುತ್ತ ಕಡಲರಾಜನ ಅರಮನೆಗೆ ಹೋಗಿ, ಅವನ ಮಗಳು ತೊಯೊತಾಮಾಳನ್ನು ಮದುವೆಯಾಗಿ ಮೂರು ವರ್ಷ ಅಲ್ಲೇ ಉಳಿಯುತ್ತಾನೆ. ಕೊನೆಗೆ ಒಂದು ಮೀನಿನ ಗಂಟಲಲ್ಲಿ ಗಾಳ ಸಿಗುತ್ತದೆ. ಹೊರಡುವಾಗ ಮಾವ ಅಳಿಯನಿಗೆ ಎರಡು ಮಣಿ ಕೊಡುತ್ತಾನೆ. ಒಂದು ಉಬ್ಬರ ತರುವ ಮಣಿ, ಇನ್ನೊಂದು ಇಳಿತ ತರುವ ಮಣಿ. ಅವನು ಮರಳಿ ಬಂದು ಸೇರಿದ್ದು ಈ ದ್ವೀಪವನ್ನೇ ಎಂದು ಇಲ್ಲಿಯ ನಂಬಿಕೆ. ಜನವರಿಯ ಚಳಿಯಲ್ಲಿ ಭಕ್ತರು ಅರೆಬೆತ್ತಲೆಯಾಗಿ ಕಡಲಿಗಿಳಿದು ಅವನನ್ನು ಎದುರುಗೊಳ್ಳುತ್ತಾರೆ. ದಿನಕ್ಕೆರಡು ಸಲ ಮುಳುಗಿ ದಿನಕ್ಕೆರಡು ಸಲ ಏಳುವ ಕಲ್ಲಿನ ದಡಕ್ಕೆ ಇದಕ್ಕಿಂತ ತಕ್ಕ ದೇವರು ಸಿಕ್ಕಾನೇ?

ಪ್ರವಾಸಿ ಬಸ್ಸುಗಳು ಇಲ್ಲಿಂದ ದಕ್ಷಿಣದ ಹೊರಿಕಿರಿ ಘಾಟಿಯ ರಸ್ತೆಗೆ ಕರೆದೊಯ್ದು, ಮೇಲಿನಿಂದ ಈ ಗೆರೆಗಳನ್ನು ತೋರಿಸುತ್ತವೆ. ಆ ನೋಟ ನಿಜಕ್ಕೂ ಸೊಗಸು. ಆದರೆ ಅದನ್ನೇ ಮೊದಲು ನೋಡಿದವರಿಗೆ ಅದು ಬರೀ ಚಿತ್ತಾರ. ಕೆಳಗಿಳಿದು, ತಗ್ಗಿನ ನೀರಲ್ಲಿ ಸಿಕ್ಕಿಕೊಂಡ ಮರಿಮೀನು, ಶಂಖ ಹೊತ್ತು ಓಡುವ ಏಡಿ, ಕಾಲಡಿಯ ಒಡಕು ಚಿಪ್ಪಿನ ಮರಳು ಎಲ್ಲವನ್ನೂ ಕಂಡು ಆಮೇಲೆ ಹತ್ತಿದರೆ ಪ್ರತಿ ಗೆರೆಯೂ ಪರಿಚಿತವೆನಿಸುತ್ತದೆ. ನನ್ನ ಮಟ್ಟಿಗೆ ಅಓಶಿಮಾ ಮೊದಲು, ಹೊರಿಕಿರಿ ನಂತರ.

ಹೋಗುವವರಿಗೆ ಕೆಲವು ಮಾತು. ಆ ದಡದಲ್ಲಿ ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ದೊಡ್ಡ ಇಳಿತ ಬರುವುದು ನಡುಹಗಲಿನ ಹೊತ್ತಿಗೆ. ಅದರಲ್ಲೂ ವಸಂತದಿಂದ ಬೇಸಿಗೆಯ ಮೊದಲವರೆಗೆ ಹಗಲಿನ ಇಳಿತ ಹೆಚ್ಚು ಆಳ. ಚಳಿಗಾಲದಲ್ಲಿ ಆಳದ ಇಳಿತ ರಾತ್ರಿಗೆ ಸರಿಯುತ್ತದೆ, ಕತ್ತಲಲ್ಲಿ ಕಾಣುವುದೇನು? ಇಳಿತದ ತುದಿಗೆ ಎರಡು ತಾಸು ಮುಂಚೆಯೇ ಅಲ್ಲಿರಿ, ನೀರು ಹಿಂದೆ ಸರಿಯುತ್ತ ಒಂದೊಂದೇ ಏರಿ ಏಳುವುದನ್ನು ನೋಡಬಹುದು. ನೀರು ತಿರುಗಿದ ಮೇಲೆ ಹೊರಗಿನ ಏರಿಗಳ ಮೇಲೆ ನಿಲ್ಲಬೇಡಿ. ಪಾಚಿ ಜಾರುತ್ತದೆ, ಹಿಡಿತವಿರುವ ಶೂ ಬೇಕು. ಟೈಫೂನಿನ ಸುಳಿವಿದ್ದರೆ ದಡಕ್ಕಿಳಿಯಲೇಬೇಡಿ. ಕಲ್ಲಾಗಲಿ ಚಿಪ್ಪಾಗಲಿ ಜೇಬಿಗಿಳಿಸಬೇಡಿ.

ಹತ್ತಿರದ ಅಬುರಾತ್ಸು ಬಂದರಿನ ಉಬ್ಬರ ಇಳಿತದ ಪಟ್ಟಿಯನ್ನು ಜಪಾನಿನ ಹವಾಮಾನ ಇಲಾಖೆ ಇಡೀ ವರ್ಷಕ್ಕೆ ಮುಂಗಡವಾಗಿಯೇ ಪ್ರಕಟಿಸುತ್ತದೆ. ವಿಮಾನದ ಟಿಕೆಟ್ ಕಾಯ್ದಿರಿಸುವ ಮುಂಚೆ ಅದನ್ನೊಮ್ಮೆ ತೆರೆದು ನೋಡಿ.